ಗ್ವಾಡಿ ಇಲ್ಲದ ನೀರು

ನಾಳೆ ಬಾಯಿ ತೆರೆದಾಗ ಧ್ವನಿಯೇ ಬರದಿದ್ದರೆ ಏನು ಮಾಡುವುದು ಎಂಬುದು ವಿದ್ಯಾಳ ಚಿಂತೆ. ಶನಿವಾರ ಸಂಜೆ ಕಮತಗಿಯ ಮನೆಯ ಮಾಳಿಗೆಯ ಮೇಲೆ, ಒಣಹಾಕಿದ ಶೇಂಗಾದ ಪಕ್ಕ ಕುಳಿತು ಡೈರಿಯಲ್ಲಿ ಬರೆದಳು: 'ಮೂರೇ ಮಾತು. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಯೆಸ್ ಸರ್ ಅನ್ನಲಿಕ್ಕೇ ಗಂಟಲು ಹಿಡಿಯುತ್ತಿತ್ತು. ನಾಳೆ ಗುಡಿಯ ಮುಂದೆ ನಲವತ್ತು ಮಂದಿಯ ಎದುರು ನಿಂತು ಹೇಳಬೇಕು. ಧ್ವನಿ ಕೀರಲಾದರೆ ವೈನಿ ನಗುತ್ತಾಳೆ.'

ಬರೆದು ಪೆನ್ನಿನ ಮುಚ್ಚಳ ಹಾಕಿದಳು. ಆ ಮೂರು ಮಾತೂ ಶುದ್ಧ ಸುಳ್ಳು ಎಂಬುದನ್ನು ಮಾತ್ರ ಬರೆಯಲಿಲ್ಲ. ಡೈರಿಗೂ ಹೇಳಲು ಅಂಜುವ ಮಾತುಗಳು ಅವಳಲ್ಲಿದ್ದವು.

ಎಲ್ಲ ಸುರುವಾದದ್ದು ಬಣ್ಣದ ಡಬ್ಬಿಯಿಂದ. ಅವಳ ಅಣ್ಣ ಪ್ರಭುಲಿಂಗ ಹುನಗುಂದದಲ್ಲಿ ಪೇಂಟಿನ ಅಂಗಡಿ ಇಟ್ಟವನು. ಟಾರ್ಗೆಟ್ ಮುಟ್ಟಿಸಿದ ಡೀಲರುಗಳನ್ನು ಈ ಸಲ ಕಂಪನಿಯವರು ಅಂಡಮಾನ್ ನಡುಗಡ್ಡೆಗೆ ಕರೆದೊಯ್ಯುವುದೆಂದು ಗೊತ್ತಾಯಿತು. ಅಂಗಡಿಗೆ ಮೂರು ಟಿಕೀಟು. ಅಪ್ಪ ಬೀರಲಿಂಗಪ್ಪ ಕುರಿಹಿಂಡು ಬಿಟ್ಟು ಹೊರಡುವ ಮನುಷ್ಯನಲ್ಲ. ಅವ್ವ ರೇಣವ್ವ ವಿಮಾನದ ಹೆಸರಿಗೇ ಕಿವಿ ಮುಚ್ಚಿಕೊಂಡಳು. ಹಾಗಾಗಿ ಅಣ್ಣ, ಅವನ ಹೆಂಡತಿ ವೈನಿ ಶಾರವ್ವ, ಮೂರನೆಯವಳು ವಿದ್ಯಾ. ಟಿಕೀಟು ಹಾಳಾಗಬಾರದಂತ ಕರಕೊಂಡು ಹೊಂಟೀವಿ, ಮಾರಿ ಗಂಟು ಹಾಕ್ಕೊಂಡು ಕುಂತು ನಮ್ಮ ಸಂಭ್ರಮ ಕೆಡಸಬ್ಯಾಡ ಎಂದು ವೈನಿ ಮೊದಲೇ ತಾಕೀತು ಮಾಡಿದ್ದಳು.

ವಿದ್ಯಾ ಒಪ್ಪಿಕೊಂಡಳು. ಅವಳಿಗೆ ಕಡಲು ಬೇಕಾಗಿತ್ತು. ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೆ ಕಾರವಾರದಲ್ಲಿ ಸಮುದ್ರಜೀವಶಾಸ್ತ್ರದ ಎಂ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ಅದನ್ನು ಓದಹೊರಟವಳು ಕಡಲನ್ನು ಕಂಡದ್ದು ಪುಸ್ತಕದಲ್ಲಿ ಮಾತ್ರ. ಅಪ್ಪ ಹೂಂ ಅಂದಿರಲಿಲ್ಲ, ಒಲ್ಲೆನೆಂದೂ ಅಂದಿರಲಿಲ್ಲ. ಮೊದಲು ಕಡಲು ನೋಡಿ ಬಾ, ಆಮ್ಯಾಲ ಮಾತಾಡೂಣು ಎಂದಿದ್ದ. ಸೇರಿಕೊಳ್ಳಲು ಕಡೆಯ ದಿನ ಸೋಮವಾರ. ಅಂದರೆ ನಾಡಿದ್ದು.

ಪೋರ್ಟ್ ಬ್ಲೇರಿನಲ್ಲಿ ವಿಮಾನ ಇಳಿದ ಗಳಿಗೆಯಿಂದಲೇ ಅವಳು ಅಣ್ಣ ವೈನಿಗೆ ಮಗ್ಗುಲ ಮುಳ್ಳಾದಳು. ಹಳೇ ಜೈಲು ನೋಡಲು ಹೋದಾಗ ಡೀಲರುಗಳ ಹೆಂಡಂದಿರು ಸೆರೆಕೋಣೆಯೊಳಗೆ ಹೊಕ್ಕು ಕಂಬಿ ಹಿಡಿದು ಫೋಟೋ ತೆಗೆಸಿಕೊಂಡರು. ವಿದ್ಯಾ ಗೋಡೆಯ ಮೇಲಿನ ಕೈದಿಗಳ ಹೆಸರು ಓದುತ್ತ ಹಿಂದುಳಿದಳು. ಬಸ್ಸು ತಡವಾಯಿತೆಂದು ಅಣ್ಣ ಎಲ್ಲರೆದುರಿಗೆ, ಪರೀಕ್ಷಾ ಬರಿಯಾಕ ಬಂದೀ ಏನು ಎಂದು ಕೇಳಿದ. ಬಸ್ಸು ನಕ್ಕಿತು. ಆಗ ನಗದೆ ಕುಳಿತವನೆಂದರೆ ಇಳಕಲ್ಲಿನ ದಸ್ತಗೀರಸಾಬ ಒಬ್ಬನೇ. ಬಿಳಿ ಗಡ್ಡದ ಮುದುಕ, ಮೂವತ್ತು ವರ್ಷದಿಂದ ಬಣ್ಣ ಮಾರುವವನು. ಮಗನೂ ಸೊಸೆಯೂ ಬರದೆ ಒಂಟಿಯಾಗಿ ಬಂದಿದ್ದ.

ಮರುದಿನ ಹಡಗು ಹತ್ತಿ ಹ್ಯಾವ್‌ಲಾಕ್ ದ್ವೀಪ. ಹಿಟ್ಟಿನಂಥ ಬಿಳಿ ಮರಳು, ಹಸಿರು ನೀರು, ದಂಡೆಯ ಮೇಲೆ ಆಕಾಶ ಮುಟ್ಟುವ ಮರ. ಶಾರವ್ವ ಐದು ಇಳಕಲ್ ಸೀರೆ ತಂದಿದ್ದಳು, ಐದನ್ನೂ ಆ ಮರಳಿನ ಮೇಲೆ ಉಟ್ಟು ಫೋಟೋ ತೆಗೆಸಿಕೊಳ್ಳಬೇಕು. ಫೋನು ಹಿಡಿಯುವ ಕೆಲಸ ವಿದ್ಯಾಳದು. ಗಾಳಿಗೆ ಸೆರಗು ಹಾರಿದರೆ ತಪ್ಪು, ಹಾರದಿದ್ದರೂ ತಪ್ಪು. ಸೆರಗಿನ ತೆನಿ ಚಿತ್ತಾರ ಕಾಣವಲ್ದು, ಮತ್ತೊಮ್ಮೆ ತಗಿ, ಮತ್ತೊಮ್ಮೆ ತಗಿ. ನಾಲ್ಕನೆಯ ಸೀರೆಯ ಹೊತ್ತಿಗೆ ವಿದ್ಯಾಳ ಕಾಲ ಬಳಿ ಒಂದು ಕಪ್ಪು ಜೀವ ಮೆಲ್ಲಗೆ ಹೊರಳಿತು. ಅವಳು ಬಗ್ಗಿ ನೋಡಿದಳು. ಫೋಟೋದಲ್ಲಿ ವೈನಿಯ ತಲೆ ಬೀಳಲಿಲ್ಲ.

ಏನ ನೋಡಾಕತ್ತಿದ್ದಿ ಎಂದು ವೈನಿ ಕೇಳಿದ್ದಕ್ಕೆ ವಿದ್ಯಾ, ಕಡಲ ಸೌತೆಕಾಯಿ ಎಂದು ಪಿಸುಗುಟ್ಟಿದಳು. ಅದು ಗಿಡವಲ್ಲ, ಪ್ರಾಣಿ, ಮರಳು ತಿಂದು ಮರಳು ತೊಳೆಯುತ್ತದೆ ಎಂದು ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಶಾರವ್ವ ಮಿಕ್ಕ ಹೆಂಗಸರತ್ತ ತಿರುಗಿ, "ಕೇಳ್ರಿ, ಸೌತಿಕಾಯಿ ಓದಾಕ ಈಕಿ ಕಾರವಾರಕ್ಕ ಹೊಂಟಾಳಂತ. ನಮ್ಮ ಕಮತಗಿ ಸಂತ್ಯಾಗ ಸಿಗತಿದ್ದಿಲ್ಲೇನೊ" ಅಂದಳು. ಆವತ್ತಿನಿಂದ ವಿದ್ಯಾಳಿಗೆ ಸೌತಿಕಾಯಿ ಎಂದೇ ಹೆಸರಾಯಿತು.

ಸಂಜೆ ನೀರೊಳಗೆ ಬೇರು ಇಳಿಬಿಟ್ಟ ಕಾಂಡ್ಲಾ ಕಾಡಿನಲ್ಲಿ ಇಬ್ಬಿಬ್ಬರಂತೆ ಸಣ್ಣ ದೋಣಿ ಹುಟ್ಟುಹಾಕುವ ಆಟ. ಅಣ್ಣ ತಂಗಿ ಒಂದೇ ದೋಣಿಯಲ್ಲಿ. ಅವನು ಎಡಕ್ಕೆ ಹುಟ್ಟುಹಾಕಿ ಬಲಕ್ಕೆ ಹೋಗೆನ್ನುತ್ತಿದ್ದ, ದೋಣಿ ಬೇರಿಗೆ ಬಡಿದಾಗ ಅವಳನ್ನು ಬೈಯುತ್ತಿದ್ದ. ಅವಳು ಹುಟ್ಟು ಮೇಲೆತ್ತಿ ಮಡಿಲಲ್ಲಿಟ್ಟುಕೊಂಡಳು. ಆ ರಾತ್ರಿ ಡೈರಿಯಲ್ಲಿ ಬರೆದಳು: 'ಅಣ್ಣನ ಬೆನ್ನು ನೋಡುತ್ತ ಒಂದು ತಾಸು ಕುಳಿತೆ. ಆ ಇಡೀ ತಾಸು ಅದನ್ನು ದ್ವೇಷಿಸಿದೆ.'

ಮೂರನೆಯ ದಿನ ಸ್ನಾರ್ಕಲಿಂಗ್. ಉಸಿರಾಡುವ ಕೊಳವೆ ಬಾಯಲ್ಲಿ ಕಚ್ಚಿ, ಕನ್ನಡಕ ಹಾಕಿ, ನೀರಿನ ಮೇಲೆ ಬೋರಲು ತೇಲುತ್ತ ತಳದ ಹವಳ ನೋಡುವುದು. ವಿದ್ಯಾ ಮುಖ ನೀರಿಗಿಟ್ಟಳು. ಕೆಳಗೆ ನೀಲಿ, ಹಳದಿ, ಪಟ್ಟೆಪಟ್ಟೆಯ ಮೀನು. ಮಿದುಳಿನಂಥ ಹವಳ, ಜಿಂಕೆಗೊಂಬಿನಂಥ ಹವಳ. ಯಾರೂ ಯಾರನ್ನೂ ಬೈಯದ ಜಾಗ. ಅವಳಿಗೆ ಎದ್ದುಬರುವ ಮನಸ್ಸೇ ಇರಲಿಲ್ಲ.

ಪ್ರಭುಲಿಂಗನಿಗೆ ಕಿತ್ತಳೆ ಬಣ್ಣದ ಲೈಫ್ ಜಾಕೀಟು ಹಾಕಿಕೊಳ್ಳುವುದೇ ಅವಮಾನ. ನಾ ಬೇವೂರ ಬಾವ್ಯಾಗ ಮೂವತ್ತು ಫೂಟ ಮ್ಯಾಲಿಂದ ಜಿಗಿದಾಂವ, ಇದನ್ನ ಹೆಣ್ಣಮಕ್ಕಳಿಗೆ ಹಾಕ್ರಿ ಎಂದು ಗೈಡಿನ ಕೂಡ ಜಗಳ ತೆಗೆದ. ಗೈಡು ಹಿಂದಿಯಲ್ಲಿ ಗದರಿದ ಮೇಲೆ ಹಾಕಿಕೊಂಡ. ಆತ ಬೇರೆಯವರನ್ನು ಕರೆದುಕೊಂಡು ಆಚೆ ಹೋದದ್ದೇ ತಡ, ಇವನು ಪಟ್ಟಿ ಬಿಚ್ಚಿ ಜಾಕೀಟನ್ನು ತಂಗಿಯತ್ತ ಒಗೆದ.

"ಹಿಡಕೋ. ಈಜೂದು ಹೆಂಗಂತ ನೋಡಕೋತ ಇರು."

ದೂರದಲ್ಲಿ ಒಂದು ಕೆಂಪು ತೇಲುಗುಂಡು ಕಟ್ಟಿದ್ದರು. ಅದರಾಚೆ ಹೋಗಬಾರದೆಂಬ ಗುರುತು. ಅದನ್ನು ಮುಟ್ಟಿ ಬರುತ್ತೇನೆಂದು ಹೊರಟ. ಶಾರವ್ವ, ದಸ್ತಗೀರಸಾಬ ಮತ್ತು ಉಳಿದ ಡೀಲರುಗಳು ಗಾಜಿನ ತಳದ ಬೋಟಿನಲ್ಲಿ ಅನತಿ ದೂರದಲ್ಲಿದ್ದರು. ಶಾರವ್ವ ಫೋನು ಎತ್ತಿ ವಿಡಿಯೋ ಹಚ್ಚಿದಳು.

ಅವನದು ಬಾವಿಯ ಈಜು. ಬಾವಿಯಲ್ಲಿ ಕಲಿತವರು ಒಂದೇ ದಮ್ಮಿಗೆ ಕೈಕಾಲು ಬಡಿದು ಎದುರಿನ ಗೋಡೆ ಮುಟ್ಟುತ್ತಾರೆ. ಕಲ್ಲಿನ ಸಂದಿಗೆ ಬೆರಳು ಸಿಗಿಸಿ ಉಸಿರು ತಗೊಳ್ಳುತ್ತಾರೆ. ತಿರುಗಿ ಈಚೆಯ ಗೋಡೆಗೆ ಬರುತ್ತಾರೆ. ಬೇವೂರಿನ ಸೋದರಮಾವನ ಬಾವಿಯಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ, ಅದು ಖರೆ. ವಿದ್ಯಾಳಿಗೆ ಏಳು ವರ್ಷವಿದ್ದಾಗ ಸೊಂಟಕ್ಕೆ ಬೆಂಡು ಕಟ್ಟಿ ಅದೇ ಬಾವಿಗೆ ತಳ್ಳಿದವನೂ ಅವನೇ. ಅಂಜಬ್ಯಾಡ, ಹೆಣದಂಗ ಬೀಳು, ನೀರಽ ಎತ್ತತದ ಎಂದು ಮೆಟ್ಟಿಲ ಮೇಲೆ ನಿಂತು ಕಲಿಸಿದ್ದ. ಮೂರು ಬೇಸಿಗೆ ಈಜಿದ ಮೇಲೆ ಹುಡುಗಿ ದೊಡ್ಡವಳಾಗುತ್ತಾಳೆಂದು ಅವ್ವ ಬಿಡಿಸಿದ್ದಳು. ಅವಳಿಗೆ ಈಜು ಬರುತ್ತದೆಂಬುದು ಮನೆಯವರಿಗೆ ಮರೆತೇ ಹೋಗಿತ್ತು.

ತೇಲುಗುಂಡಿನ ಅರ್ಧ ದಾರಿಯಲ್ಲಿ ಅಣ್ಣನ ಬಲಗೈ ನೀರಿನಿಂದ ಮೇಲೆದ್ದು ಮುಂದೆ ಚಾಚಿ ಏನನ್ನೋ ತಡಕಾಡಿತು. ವಿದ್ಯಾಳಿಗೆ ಕೂಡಲೇ ತಿಳಿಯಿತು. ಗ್ವಾಡಿ ಹುಡುಕುತ್ತಿದ್ದಾನೆ, ಬಾವಿಯ ಗೋಡೆ.

ಗ್ವಾಡಿ ಎಲ್ಲಿಂದ ಬರಬೇಕು. ತೆರೆ ಬಂತು. ಉಪ್ಪುನೀರು ಬಾಯಿಗೆ ಹೊಡೆಯಿತು. ತಲೆ ಒಮ್ಮೆ ಮುಳುಗಿ ಎದ್ದಿತು, ಇನ್ನೊಮ್ಮೆ ಮುಳುಗಿತು. ಎದ್ದಾಗ ಬಾಯಿಂದ ಬಂದದ್ದು ಮನೆದೇವರ ಹೆಸರು: "ಬೀರಪ್ಪಾ, ಕರಿ ಕಂಬಳಿ ಹೊಚ್ಚತೇನೋ ನಮ್ಮಪ್ಪಾ!" ಬೋಟಿನವರಿಗೆಲ್ಲ ಕೇಳಿಸಿತು.

ವಿದ್ಯಾ ಕೈಯಲ್ಲಿದ್ದ ಜಾಕೀಟನ್ನು ಮುಂದೆ ತಳ್ಳುತ್ತ ಕಾಲು ಬಡಿದಳು. ಹತ್ತಿರ ಹೋದಾಗ ಅವನು ಅವಳನ್ನೇ ಗ್ವಾಡಿ ಮಾಡಿಕೊಂಡ. ಕುತ್ತಿಗೆಗೆ ಉಗುರು ಹಾಕಿದ, ಹೆಗಲ ಮೇಲೆ ಏರಲು ನೋಡಿ ಅವಳನ್ನು ಎರಡು ಸಲ ಕೆಳಗದ್ದಿದ. ಅವಳ ಮೈಮೇಲೆ ಅವಳದೇ ಜಾಕೀಟು ಇರದಿದ್ದರೆ ಇಬ್ಬರೂ ಹೋಗುತ್ತಿದ್ದರು. ಅವಳು ಜಾಕೀಟನ್ನು ಅವನ ಎದೆಯಡಿ ತುರುಕಿ, ಕಿವಿಯಲ್ಲಿ ಹೇಳಿದಳು, ಹೆಣದಂಗ ಬೀಳು ಅಣ್ಣಾ, ನೀರಽ ಎತ್ತತದ. ಹೇಗೋ ಏನೋ, ಆ ಮಾತಿಗೆ ಅವನ ಮೈ ಸಡಿಲಾಯಿತು. ಅಂಗಿಯ ಕಾಲರು ಹಿಡಿದು ಎಳೆದುಕೊಂಡು ಬಂದಳು.

ದಂಡೆಯ ಮೇಲೆ ಅವನು ನೀರು ಕಾರಿಕೊಂಡ. ಹಲ್ಲು ಕಟಕಟ ಅನ್ನುತ್ತಿದ್ದವು. ಬೋಟು ಬರುವ ಮೊದಲು ಅವಳ ಮಣಿಕಟ್ಟು ಹಿಡಿದು, ಮನ್ಯಾಗ ಹೇಳಬ್ಯಾಡ ಎಂದ. ಅವಳು ಅವನ ಬೆನ್ನು ಸವರಿ, ಇಲ್ಲ ಅಂದಳು.

ಅವಳು ಕೊಟ್ಟದ್ದು ಸುಮ್ಮನಿರುವ ಮಾತು. ಅವನು ತೆಗೆದುಕೊಂಡದ್ದು ಬೇರೆ.

ರಾತ್ರಿ ಊಟಕ್ಕೆ ಕುಳಿತಾಗ ಡೀಲರೊಬ್ಬ ಕೇಳಿದ, ಏನ್ರಿ ಪ್ರಭುಲಿಂಗ, ನಟ್ಟನಡು ನೀರಾಗ ಕಂಬಳಿ ಹರಕಿ ಹೊತ್ತಿರಲ್ಲ, ಅಷ್ಟು ಥಂಡಿ ಆಗಿತ್ತೇನು? ಎಲ್ಲರೂ ನಕ್ಕರು. ಪ್ರಭುಲಿಂಗನ ಕಿವಿ ಕೆಂಪಾಯಿತು. ಒಂದು ತುತ್ತು ನುಂಗಿ, ನಗಬ್ಯಾಡ್ರಿ, ನನ್ನ ತಂಗಿ ಸಾಯತಿದ್ಲು ಎಂದ. ಅವಳು ಗಾಬರಿಯಾಗಿ ದೂರ ಹೋದದ್ದು, ತಾನು ಜಾಕೀಟು ಬಿಚ್ಚಿ ಅವಳಿಗೆ ಹಿಡಿಸಿದ್ದು, ದೇವರನ್ನು ಕರೆದದ್ದು, ಒಂದೊಂದೇ ತಾನಾಗಿ ಜೋಡಿಸಿಕೊಂಡು ಬಂತು. ವಿದ್ಯಾ ತಾಟಿನ ಮೀನಿನ ಮುಳ್ಳು ನೋಡುತ್ತ ಕುಳಿತಳು. ಈಗ ನಗುತ್ತಾನೆ, ಈಗ ಚೇಷ್ಟೆ ಅನ್ನುತ್ತಾನೆ ಎಂದು ಕಾದಳು. ಅವನು ಅನ್ನ ಹಾಕಿಸಿಕೊಂಡ.

ಶಾರವ್ವ ಅಷ್ಟರಲ್ಲಿ ವಿಡಿಯೋ ಮನೆಯ ಗ್ರೂಪಿಗೆ ಹಾಕಿಯಾಗಿತ್ತು. ಅದರಲ್ಲಿ ಕಾಣುವುದು ಎರಡು ತಲೆ, ಒಂದು ಕಿತ್ತಳೆ ಬಣ್ಣ, ನೊರೆ. ಯಾರು ಯಾರನ್ನು ಹಿಡಿದಿದ್ದಾರೆಂದು ಆ ನೀರಿಗೇ ಗೊತ್ತು. ಕೆಳಗೆ ಬರೆದಿದ್ದಳು, ನಮ್ಮನಿಯವರು ತಂಗಿ ಜೀವಾ ಉಳಿಸಿದ್ರು ಎಂದು. ವಿದ್ಯಾಳ ಕುತ್ತಿಗೆಯ ಉಗುರುಗಾಯವೂ ಸಾಕ್ಷಿಯಾಯಿತು: ನೋಡ್ರಿ, ಹೆಂಗ ಹಿಡದು ಎಳದಾರ.

ತಿರುಗಿ ಬರುವ ಹಡಗಿನಲ್ಲಿ ದಸ್ತಗೀರಸಾಬ ಅವಳ ಪಕ್ಕದ ಕಂಬಿ ಹಿಡಿದು ನಿಂತ.

"ನಾ ನೋಡೇನವಾ. ಆದ್ರ ನಾ ಹೇಳಿದ್ರ ಜಗಳ ಆಗತದ. ನೀ ಹೇಳಿದ್ರ ಮಾತ ಆಗತದ."

ಅವಳು ಹೂಂ ಕಾಕಾ ಅಂದಳು.

ಊರಿಗೆ ಬಂದ ಮೇಲೆ ಕತೆಗೆ ಕಾಲು ಮೂಡಿದವು. ಶಿರೂರಿನ ಬೀಗರು ಫೋನು ಮಾಡಿದರು. ಮೊಣಕಾಲ ನೀರಾಗ ಮುಳುಗಾಕಿ ಕಡಲ ಓದತಾಳಂತ ಎಂಬುದು ಓಣಿಯ ಹೆಂಗಸರ ಬಾಯಿಗೆ ಗಾದೆಯಾಯಿತು. ಅದನ್ನೆಲ್ಲ ವಿದ್ಯಾ ತಡೆದುಕೊಂಡಾಳು. ತಡೆದುಕೊಳ್ಳಲಾಗದ್ದು ಅಪ್ಪನ ಕೈ. ಬೀರಲಿಂಗಪ್ಪ ಬೈಯಲಿಲ್ಲ, ಹಂಗಿಸಲಿಲ್ಲ. ಅವಳ ನೆತ್ತಿಯ ಮೇಲೆ ಕೈಯಿಟ್ಟು, "ದೇವ್ರು ಒಮ್ಮೆ ತಿರುಗಿ ಕೊಟ್ಟಾನ. ಎರಡನೇ ಸಲ ಕೇಳಬಾರದವ್ವಾ. ಕಾರವಾರ ಬ್ಯಾಡ" ಎಂದ.

ಹರಕೆ ತೀರಿಸುವುದು ಭಾನುವಾರಕ್ಕೆ ಗೊತ್ತಾಯಿತು, ಬೇವೂರಿನ ಹೊಲದ ದಂಡೆಯ ಬೀರಪ್ಪನ ಗುಡಿಯಲ್ಲಿ. ಅವರ ಮನೆತನಕ್ಕೊಂದು ಪದ್ಧತಿ ಇತ್ತು. ಜೀವದ ಹರಕೆಯನ್ನು ಯಾರು ಬೇಕಾದರೂ ಹೊರಬಹುದು, ತೀರಿಸುವಾಗ ಮಾತ್ರ ಯಾರ ಜೀವ ಉಳಿಯಿತೋ ಅವರೇ ಕಂಬಳಿ ಹೊತ್ತು, ಅಂಗೈಯಲ್ಲಿ ಭಂಡಾರದ ಅರಿಶಿನ ಹಿಡಿದು, ತಮ್ಮ ಬಾಯಿಂದಲೇ ಮೂರು ಮಾತು ಹೇಳಬೇಕು: ನನ್ನ ಜೀವ ನೀರಾಗ ಹೋಗಿತ್ತು. ಬೀರಪ್ಪ ತಿರುಗಿ ಕೊಟ್ಟ. ಇನ್ನ ನಾ ಆ ನೀರಿಗೆ ಇಳಿಯಂಗಿಲ್ಲ. ಭಂಡಾರ ಹಿಡಿದು ಆಡಿದ ಮಾತನ್ನು ಮುರಿದವರು ಆ ಮನೆತನದಲ್ಲಿ ಯಾರೂ ಇಲ್ಲ. ಅಂದರೆ ಆ ಮೂರು ಮಾತು ಆಡಿದರೆ ಕಾರವಾರ ಈ ವರ್ಷಕ್ಕಷ್ಟೇ ಅಲ್ಲ, ಇಡೀ ಜನ್ಮಕ್ಕೆ ಮುಗಿಯಿತು.

ಶುಕ್ರವಾರ ಅವಳು ಬಸ್ಸು ಹತ್ತಿ ಹುನಗುಂದದ ಅಂಗಡಿಗೆ ಹೋದಳು. ಮಂದಿಗೆ ಹೇಳುವುದು ಬೇಡ, ಅಪ್ಪನೊಬ್ಬನ ಕಿವಿಗೆ ಹಾಕು ಎಂದು ಬೇಡಿಕೊಂಡಳು. ಬಣ್ಣ ಕಲಕುವ ಮಷೀನು ಡಬ್ಬಿಯನ್ನು ಗಡಗಡ ಅಲ್ಲಾಡಿಸುತ್ತಿತ್ತು. ಅದು ನಿಲ್ಲುವವರೆಗೂ ಪ್ರಭುಲಿಂಗ ತಲೆ ಎತ್ತಲಿಲ್ಲ.

"ಮುಂದಿನ ತಿಂಗಳ ಡೀಲರ್ ಸಂಘದ ಅಧ್ಯಕ್ಷ ಮಾಡಾಕ ಹೊಂಟಾರ ನನ್ನ. ತಂಗಿ ಕೈಯಾಗ ಉಳಿದಾಂವ ಅಂತ ಅನಸ್ಕೊಂಡು ಕುರ್ಚಿ ಮ್ಯಾಲ ಕುಂಡರ್ಲೇನು?"

ಭಂಡಾರ ಹಿಡಿದು ಸುಳ್ಳು ಹೇಳಲಾರೆ ಎಂದಳು ವಿದ್ಯಾ.

"ಹಂಗಾರ ಖರೆ ಹೇಳು ಹೋಗು." ಅವನು ಡಬ್ಬಿಯ ಮುಚ್ಚಳ ಸುತ್ತಿಗೆಯಿಂದ ಬಡಿದು ಕೂಡಿಸಿದ. "ಯಾರ ಕೇಳತಾರ ನೋಡೂಣು. ನಿನ್ನ ಧ್ವನಿ ಹೆಂಗೈತಿ ಅನ್ನೂದಽ ನಮ್ಮ ಬಳಗಕ್ಕ ಗೊತ್ತಿಲ್ಲ."

ಮರಳಿ ಬರುವ ಬಸ್ಸಿನಲ್ಲಿ ಅವಳಿಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು. ಅವನು ಹೇಳಿದ್ದು ಖರೆಯಾಗಿತ್ತು.

ಭಾನುವಾರ ಮುಂಜಾನೆ ಗುಡಿಯ ಮುಂದಿನ ಬೇವಿನ ನೆರಳಿನಲ್ಲಿ ಬಳಗ ನೆರೆಯಿತು. ಹಿಂದುಗಡೆ ಅಡಿಗೆಯ ಹೊಗೆ. ನಾಲ್ಕಾರು ಡೀಲರುಗಳೂ ಬಂದಿದ್ದರು. ದಸ್ತಗೀರಸಾಬ ಚಪ್ಪಲಿ ಬಿಟ್ಟು ಮರದ ಬೊಡ್ಡೆಗೆ ಆತು ನಿಂತಿದ್ದ. ಪ್ರಭುಲಿಂಗ ಹೊಸ ಬಿಳಿ ಅಂಗಿ ತೊಟ್ಟು ಬಂದವರಿಗೆಲ್ಲ ನೀರಿನ ಕತೆ ಹೇಳುತ್ತಿದ್ದ. ಈಗ ಅದರಲ್ಲಿ ಒಂದು ದೊಡ್ಡ ಮೀನೂ ಸೇರಿಕೊಂಡಿತ್ತು. ಶಾರವ್ವ ಅಂಡಮಾನಿನಲ್ಲಿ ಉಟ್ಟ ಸೀರೆಗಳಲ್ಲೇ ಒಂದನ್ನು ಉಟ್ಟು, ಫೋನು ಹಿಡಿದು ಮುಂದಿನ ಸಾಲಿಗೆ ಬಂದಳು. ನಾದಿನಿಯ ಹತ್ತಿರ ಹಾಯ್ದು ಹೋಗುವಾಗ, ಗಟ್ಟ್ಯಾಗಿ ಹೇಳು ಸೌತಿಕಾಯಿ, ವಿಡಿಯೋದಾಗ ಕೇಳಬೇಕು ಅಂದಳು.

ಪೂಜಾರಿ ದುರಗಪ್ಪ ಮಡಿಸಿದ ಕರಿ ಕಂಬಳಿಯನ್ನು ವಿದ್ಯಾಳ ತಲೆಯ ಮೇಲಿಟ್ಟ. ಹುಣಸೆಬೀಜದ ಗಂಜಿ ಹಾಕಿದ ಹೊಸ ಕಂಬಳಿ, ಬಿರುಸಾಗಿತ್ತು, ಭಾರವಿತ್ತು. ಕುರಿಯ ವಾಸನೆ ಮೂಗಿಗೆ ಹೊಡೆಯಿತು. ಅವಳ ಬಲ ಅಂಗೈಯಲ್ಲಿ ಒಂದು ಹಿಡಿ ಭಂಡಾರ ಸುರಿದ. ಬೆವರಿಗೆ ಅರಿಶಿನ ಅಂಟಿಕೊಂಡಿತು.

"ಯಾರ ಜೀವದ ಹರಕಿವಾ ಇದು?" ದುರಗಪ್ಪ ಕೇಳಿದ. ಅದು ಪ್ರತಿಸಲ ಕೇಳುವ ಪ್ರಶ್ನೆ. ನನ್ನ ಜೀವದ್ದು ಎಂಬುದು ಪ್ರತಿಸಲದ ಉತ್ತರ.

ವಿದ್ಯಾ ಬಾಯಿ ತೆರೆದಳು. ಗಾಳಿ ಬಂತು, ಧ್ವನಿ ಬರಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವ್ವ ಕಣ್ಣಲ್ಲೇ ಹೇಳು ಹೇಳು ಎಂದಳು. ಬೆನ್ನ ಹಿಂದೆ ಅಣ್ಣ ಹತ್ತಿರ ಬಂದು ನಿಂತದ್ದು ಅವಳಿಗೆ ಉಸಿರಿನಿಂದ ತಿಳಿಯಿತು.

"ನನ್ನ ಜೀವಾ ನೀರಾಗ ಹೋಗಿತ್ತು," ಅವನು ಸಾಲಿಯ ಮಾಸ್ತರನಂತೆ ಮೆಲ್ಲಗೆ ಹೇಳಿಕೊಟ್ಟ. "ಅನ್ನು. ನನ್ನ ಜೀವಾ."

ಅವಳು ಅಪ್ಪನ ಕಡೆ ನೋಡಿದಳು. ಬೀರಲಿಂಗಪ್ಪ ರುಮಾಲು ತೆಗೆದು ಎದೆಗೆ ಹಿಡಿದು ನಿಂತಿದ್ದ, ಕಣ್ಣು ತುಂಬಿದ್ದವು. ಆ ಕಣ್ಣೀರು ಯಾರಿಗಾಗಿ ಬರಬೇಕಿತ್ತೋ ಅವನು ಅವಳ ಬೆನ್ನ ಹಿಂದೆ ನಿಂತು ಸುಳ್ಳಿನ ಪಾಠ ಹೇಳುತ್ತಿದ್ದ.

ಅನ್ನು ಲೇ, ನಿಂದ್ರಸಬ್ಯಾಡ ದೇವರ ಮುಂದ ಎಂದು ಪ್ರಭುಲಿಂಗ ಅವಳ ಮೊಣಕೈ ಹಿಡಿದು ಒತ್ತಿದ. ಅದೇ ಹಿಡಿತ. ಕಡಲ ದಂಡೆಯ ಮೇಲೆ ಮಣಿಕಟ್ಟು ಹಿಡಿದಾಗ ಅದು ಬೇಡುತ್ತಿತ್ತು, ಈಗ ಹೆದರಿಸುತ್ತಿತ್ತು.

ವಿದ್ಯಾ ಕೈ ಕೊಸರಿಕೊಂಡಳು. ಎಡಗೈಯಿಂದ ತಲೆಯ ಮೇಲಿನ ಕಂಬಳಿ ಇಳಿಸಿ, ತಿರುಗಿ, ಅಣ್ಣನ ಹೊಸ ಅಂಗಿಯ ಎದೆಗೆ ಆನಿಸಿದಳು. ಬೀಳಬಾರದೆಂದು ಅವನು ಎರಡೂ ಕೈಯಿಂದ ಅಪ್ಪಿಕೊಳ್ಳಬೇಕಾಯಿತು. ಅವನ ಎರಡೂ ಕೈ ತುಂಬಿದ್ದಾಗ, ಅರಿಶಿನದ ಮುಷ್ಟಿಯನ್ನು ಬಿಗಿಯಾಗಿ ಹಿಡಿದು, ಅವಳು ಪೂಜಾರಿಯ ಕಡೆ ಮುಖ ಮಾಡಿದಳು. ಧ್ವನಿ ಕೀರಲಾಗಿಯೇ ಬಂತು. ಬೇವಿನ ಬೊಡ್ಡೆಯವರೆಗೂ ಮುಟ್ಟಿತು.

"ಮುಳುಗಿದಾಂವ ನಮ್ಮಣ್ಣರಿ. ಎಳದು ತಂದಾಕಿ ನಾ."